ಕೂದಲಿಗೆ ಯಾವ ಜಾತಿ?

ತಲೆಗೂದಲಿನ ಆರೈಕೆಯ ಬಗ್ಗೆ ಬರೆಯುತ್ತೇವೆಂದರೆ ಓದುಗರು ವಾರಪತ್ರಿಕೆಗಳ ಸೌಂದರ್ಯ ಸಲಹೆಯ ಪುಟವನ್ನು ನೆನೆಸಿಕೊಂಡು ನಗಬಹುದು. ನಾವೂ ಹಾಗೆಯೇ ನಗುತ್ತಿದ್ದೆವು. ಆದರೆ ವೇಣೂರಿನ ಒಂದು ಮನೆಯ ಹಿಂಬದಿಯ ಜಗಲಿಯಲ್ಲಿ ನಾಲ್ವರು ಗೆಳತಿಯರು ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಾ ಕುಳಿತ ಒಂದು ಮಧ್ಯಾಹ್ನದ ನಂತರ ನಮಗೆ ಹಾಗೆ ನಗಲು ಸಾಧ್ಯವಾಗುತ್ತಿಲ್ಲ. ಕೂದಲಿನ ಸಿಕ್ಕು ಬಿಡಿಸಲು ಹೊರಟವರು ನಾವು. ಬಿಡಿಸುತ್ತಾ ಹೋದಂತೆ ಚರಿತ್ರೆಯ ಸಿಕ್ಕು ಕೈಗೆ ಬಂತು.

2024ರ ಫೆಬ್ರವರಿ 22ರಿಂದ ಮಾರ್ಚ್ 1ರ ತನಕ ವೇಣೂರಿನ ಬಾಹುಬಲಿಗೆ ಮಹಾಮಸ್ತಕಾಭಿಷೇಕ ನಡೆಯಿತು. 2000 ಮತ್ತು 2012ರ ಬಳಿಕ ಬಂದ ಉತ್ಸವ ಇದು. ಆ ಊರಿನ ಜೈನ ಗೆಳತಿ ನಮ್ಮನ್ನೆಲ್ಲ ಕರೆದಿದ್ದಳು. ಇಪ್ಪತ್ತೈದು ವರ್ಷಗಳ ಹಿಂದೆ ಶಿಕ್ಷಕಿಯರ ತರಬೇತಿಗೆಂದು ಒಂದೇ ಹಾಸ್ಟೆಲಿನಲ್ಲಿದ್ದವರು ನಾವು. ಒಬ್ಬಳು ವೇಣೂರಿನ ಜೈನರ ಮನೆಯವಳು. ಒಬ್ಬಳು ಯಲ್ಲಾಪುರದ ಕಾಡಿನಂಚಿನ ಸಿದ್ದಿ ಹುಡುಗಿ. ಒಬ್ಬಳು ಕೊರಗ ಸಮುದಾಯದವಳು. ಮತ್ತೆ ನಾವು, ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ಬೀದಿಯಲ್ಲಿ ತುಳು ಆಡುತ್ತಾ ಬೆಳೆದವರು. ನಮ್ಮ ನಡುವೆ ಕೂದಲಿಗೇ ನಾಲ್ಕು ಹೆಸರುಗಳಿದ್ದವು. ತುಳುವಿನಲ್ಲಿ ಕುಜಲ್, ಸಿದ್ದಿ ಗೆಳತಿಯ ಮನೆಯ ಕೊಂಕಣಿಯಲ್ಲಿ ಕೇಸ್, ನಮ್ಮ ಉರ್ದುವಿನಲ್ಲಿ ಬಾಲ್. ತರಗತಿಯಲ್ಲಿ ಮಾತ್ರ ಎಲ್ಲರಿಗೂ ಕೂದಲು.

ಹಾಸ್ಟೆಲಿನ ದಿನಗಳಲ್ಲಿ ಆದಿತ್ಯವಾರ ತಲೆಸ್ನಾನದ ದಿನ. ಹುಡುಗಿಯರು ಮೆಟ್ಟಿಲುಗಳಲ್ಲಿ ಒಬ್ಬರ ಹಿಂದೆ ಒಬ್ಬರು ರೈಲಿನ ಹಾಗೆ ಕುಳಿತು, ಮುಂದಿನವಳ ತಲೆಗೆ ಎಣ್ಣೆ ಹಚ್ಚಿ, ಹೇನು ನೋಡಿ, ಜಡೆ ಹೆಣೆಯುತ್ತಿದ್ದೆವು. ಆ ರೈಲಿನಲ್ಲಿ ಸಿದ್ದಿ ಗೆಳತಿ ಯಾವಾಗಲೂ ಕೊನೆಯ ಡಬ್ಬಿ. ಅವಳ ಹಿಂದೆ ಕುಳಿತುಕೊಳ್ಳಲು ಯಾರೂ ಇರಲಿಲ್ಲ. "ನಿನ್ನ ತಲೆಗೆ ಬಾಚಣಿಗೆ ಹೋಗುವುದಿಲ್ಲ ಮಾರಾಯ್ತಿ" ಎಂದು ಎಲ್ಲರೂ ನಗುತ್ತಿದ್ದರು, ನಾವೂ ನಕ್ಕಿದ್ದೆವು. ಹೇನಿನ ಉಪದ್ರ ಹೆಚ್ಚಾದಾಗ ಮೇಲ್ವಿಚಾರಕಿ ಯಾರ ತಲೆಯನ್ನೂ ನೋಡದೆ ಅವಳೊಬ್ಬಳ ಕೂದಲನ್ನು ಕಿವಿಯ ಮೇಲಕ್ಕೆ ಕತ್ತರಿಸಿ ಹಾಕಿಸಿದರು. ಹೇನು ನಮ್ಮೆಲ್ಲರ ತಲೆಯಲ್ಲೂ ಇತ್ತು. ಕತ್ತರಿ ಬಂದದ್ದು ಅವಳ ತಲೆಗೆ ಮಾತ್ರ. ಕೊರಗ ಗೆಳತಿ ಆ ರೈಲಿಗೆ ಬರುತ್ತಲೇ ಇರಲಿಲ್ಲ. ಒಬ್ಬಳೇ ಬಾವಿಕಟ್ಟೆಯ ಆಚೆ ಕುಳಿತು ತಲೆ ಬಾಚಿಕೊಳ್ಳುತ್ತಿದ್ದಳು. ಏಕೆಂದು ನಾವು ಯಾರೂ ಕೇಳಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಬರೆಯುವ ಚರಿತ್ರೆಯಲ್ಲಿ ನಾವು ನ್ಯಾಯಾಧೀಶರ ಪೀಠದಲ್ಲಿಲ್ಲ.

ಗೊಮ್ಮಟನ ಗುಂಗುರು

ವೇಣೂರಿನ ಆ ಮನೆಯಲ್ಲಿ ಗೆಳತಿಯ ತಾಯಿ ಬೆಳಗ್ಗೆಯೇ ದಾಸವಾಳದ ಸೊಪ್ಪನ್ನು ನೀರಲ್ಲಿ ಕಿವುಚಿ ಗೊಂಪು ಮಾಡಿಟ್ಟಿದ್ದರು. ತುಳುನಾಡು, ಮಲೆನಾಡುಗಳಲ್ಲಿ ಶಾಂಪೂ ಬರುವ ಮೊದಲು ತಲೆ ತೊಳೆಯುತ್ತಿದ್ದದ್ದು ಇದರಿಂದ, ಇಲ್ಲವೇ ಸೀಗೆಕಾಯಿ, ಅಂಟುವಾಳದಿಂದ. ಸಿದ್ದಿ ಗೆಳತಿಯ ತಲೆಗೆ ತಾವೇ ಗೊಂಪು ಹಚ್ಚಿದ ಆ ತಾಯಿ, ಒಂದು ಸುರುಳಿಯನ್ನು ಬೆರಳಲ್ಲಿ ಹಿಡಿದು, "ಇದು ನಮ್ಮ ಸ್ವಾಮಿಯ ಕೂದಲಿನ ಹಾಗೆಯೇ ಉಂಟಲ್ಲ ಮಗಾ" ಎಂದರು. ಅವರು ಹೇಳಿದ್ದು ಬಾಹುಬಲಿಯ ಬಗ್ಗೆ. ನಮ್ಮ ಗೆಳತಿ ಒಂದು ಗಳಿಗೆ ಏನೂ ಹೇಳಲಿಲ್ಲ. ನಂತರ, "ಐವತ್ತು ವರ್ಷಕ್ಕೆ ಇವತ್ತು ಮೊದಲ ಸಲ ಒಬ್ಬರು ನನ್ನ ಕೂದಲನ್ನು ದೇವರ ಜೊತೆ ಹೋಲಿಸಿದರು. ಇಷ್ಟು ದಿನ ಕುರಿಯ ಜೊತೆ ಹೋಲಿಸುತ್ತಿದ್ದರು" ಎಂದಳು.

ಆ ತಾಯಿಯ ಕಣ್ಣು ತಪ್ಪಿರಲಿಲ್ಲ. ಫಲ್ಗುಣಿ ನದಿಯ ದಡದ ಈ ಊರಿನಲ್ಲಿ ಅಜಿಲ ಅರಸು ವೀರ ತಿಮ್ಮರಾಜ 1604ರಲ್ಲಿ ನಿಲ್ಲಿಸಿದ ಏಕಶಿಲೆಯ ಬಾಹುಬಲಿಯ ಎತ್ತರ ಸುಮಾರು 35 ಅಡಿ. ಶ್ರವಣಬೆಳಗೊಳದ 10ನೇ ಶತಮಾನದ ಗೊಮ್ಮಟ, ಕಾರ್ಕಳದ 1432ರ ಗೊಮ್ಮಟ, ವೇಣೂರಿನ ಗೊಮ್ಮಟ ಮೂವರ ತಲೆಯೂ ಬಿಗಿ ಸುರುಳಿಗಳಿಂದ ತುಂಬಿದೆ. ಆದರೆ ಬಾದಾಮಿಯ ಜೈನ ಗುಹೆಗೆ ಹೋದರೆ ಅಲ್ಲಿನ ಬಾಹುಬಲಿಯ ಕೂದಲು ಹೆಗಲ ಮೇಲೆ ಎಳೆಎಳೆಯಾಗಿ ಇಳಿದಿರುವುದನ್ನು ಕಾಣುತ್ತೇವೆ. ಒಬ್ಬನೇ ಬಾಹುಬಲಿ, ಎರಡು ರೀತಿಯ ಕೂದಲು. ಇದು ಶಿಲ್ಪಿಗಳ ಪರಂಪರೆಗೆ ಸೇರಿದ ವಿಷಯ. ತಪಸ್ಸಿಗೆ ನಿಂತವನ ಕೂದಲು ಬೆಳೆದು ಇಳಿದದ್ದನ್ನು ಒಬ್ಬ ಶಿಲ್ಪಿ ತೋರಿಸಿದ. ಮಹಾಪುರುಷನ ಲಕ್ಷಣವೆಂದು ಇನ್ನೊಬ್ಬ ಸುರುಳಿಗಳನ್ನು ಕಡೆದ. ಜೈನ ಮುನಿಗಳು, ಆರ್ಯಿಕೆಯರು ದೀಕ್ಷೆಯಂದು ಮತ್ತು ಆ ಮೇಲೆ ಕೆಲವು ತಿಂಗಳಿಗೊಮ್ಮೆ ತಮ್ಮ ಕೂದಲನ್ನು ತಾವೇ ಕೈಯಿಂದ ಕಿತ್ತುಕೊಳ್ಳುತ್ತಾರೆ. ಅದೇ ಕೇಶಲೋಚನ. ದೇಹದ ಮೋಹವನ್ನು ಬೇರು ಸಹಿತ ಕೀಳುವ ವ್ರತ ಅದು. ಕೂದಲನ್ನು ಬಿಡುವುದೇ ಧರ್ಮವಾದ ಕಡೆ ಕೂದಲಿನ ಜಾತಿ ಕೇಳುವವರು ಯಾರು?

ಕೇಳುವವರು ಹಡಗಿನಲ್ಲಿ ಬಂದರು. ಭಾಷಾಶಾಸ್ತ್ರಕ್ಕೆ ಹೆಸರಾದ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯಲ್ಲಿ ಮಾಡಿದ ಪ್ರಸಿದ್ಧ ಭಾಷಣದಲ್ಲಿ, ಭಾರತದ ಹಳೆಯ ಕಟ್ಟಡ ಮತ್ತು ಶಿಲ್ಪಗಳು ಆಫ್ರಿಕಾದೊಂದಿಗಿನ ಪ್ರಾಚೀನ ಸಂಬಂಧವನ್ನು ಸೂಚಿಸುತ್ತವೆ ಎಂಬ ಊಹೆಯನ್ನು ಮುಂದಿಟ್ಟ. ನಂತರದ ಕೆಲವು ಯುರೋಪಿಯನ್ ಬರಹಗಾರರು ಬುದ್ಧನ ವಿಗ್ರಹದ ಗುಂಗುರು ಕೂದಲನ್ನು ಕಂಡು ಆತ ಆಫ್ರಿಕಾದವನೇ ಇರಬೇಕೆಂದು ವಾದಿಸಿದರು. ಕಲ್ಲಿನ ಕೂದಲಿನಿಂದ ಜನಾಂಗ ಹುಡುಕುವ ಈ ಹವ್ಯಾಸ ಮುಂದೆ ಜೀವಂತ ಮನುಷ್ಯರ ತಲೆಗೆ ಬಂತು. ಮದ್ರಾಸಿನ ಸರಕಾರಿ ಮ್ಯೂಸಿಯಂನ ಮುಖ್ಯಸ್ಥನಾಗಿದ್ದ ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಜನರನ್ನು ನಿಲ್ಲಿಸಿ ಮೂಗು, ತಲೆಬುರುಡೆಗಳನ್ನು ಅಳೆದ. ಚರ್ಮದ ಬಣ್ಣ ಯಾವುದು, ಕೂದಲು ನೇರವೋ ಗುಂಗುರೋ ಎಂದೂ ಅಂದಿನ ವಿದ್ವಾಂಸರು ಬರೆದುಕೊಂಡರು. ಕೆ. ರಂಗಾಚಾರಿಯವರ ನೆರವಿನಿಂದ 1909ರಲ್ಲಿ ಹೊರಬಂದ ಅವನ ಏಳು ಸಂಪುಟಗಳಲ್ಲಿ ನಮ್ಮ ಜಿಲ್ಲೆಯ ಕೊರಗರ ಬಗ್ಗೆಯೂ ಬರಹವಿದೆ. ಅಳೆಯುವವನ ಕೂದಲನ್ನು ಮಾತ್ರ ಯಾರೂ ಅಳೆಯಲಿಲ್ಲ.

ಹಬಶಿ ಸರದಾರ, ಸಿದ್ದಿ ಗುಲಾಮ

ವೇಣೂರಿನ ಗೊಮ್ಮಟ ಎದ್ದು ನಿಂತ 1604ರ ಸುಮಾರಿಗೆ ದಖ್ಖನಿನಲ್ಲಿ ಒಬ್ಬ ಕಪ್ಪು ವರ್ಣದ ಸೇನಾನಿ ಮೊಘಲರಿಗೆ ನಿದ್ದೆ ಇಲ್ಲದಂತೆ ಮಾಡುತ್ತಿದ್ದ. ಇಥಿಯೋಪಿಯಾದಲ್ಲಿ ಹುಟ್ಟಿ, ಬಾಲಕನಾಗಿದ್ದಾಗಲೇ ಮಾರಾಟವಾಗಿ, ಕೈಯಿಂದ ಕೈಗೆ ಸಾಗಿ ಅಹಮದನಗರಕ್ಕೆ ಬಂದ ಮಲಿಕ್ ಅಂಬರ್ ಅವನು. ನಿಜಾಮಶಾಹಿಯ ಸೂತ್ರ ಹಿಡಿದ. ಮುಂದೆ ಔರಂಗಾಬಾದ್ ಎನಿಸಿಕೊಂಡ ಖಡ್ಕಿ ನಗರವನ್ನು ಕಟ್ಟಿಸಿದ. 1626ರಲ್ಲಿ ತೀರಿಕೊಳ್ಳುವವರೆಗೆ ಮೊಘಲರನ್ನು ತಡೆದ. ನಮ್ಮ ವಿಜಾಪುರದ ಆದಿಲಶಾಹಿ ಆಸ್ಥಾನದಲ್ಲೂ ಇಖ್ಲಾಸ್ ಖಾನ್, ಸಿದ್ದಿ ಮಸೂದ್ ಮೊದಲಾದ ಹಬಶಿಗಳು ಮಂತ್ರಿ, ಸೇನಾನಿಗಳಾಗಿದ್ದರು. ಅವರ ಚಿತ್ರಗಳು ಇಂದಿಗೂ ಲೋಕದ ಮ್ಯೂಸಿಯಂಗಳಲ್ಲಿವೆ.

ನಮ್ಮ ಗೆಳತಿಯ ಪೂರ್ವಜರ ಕತೆ ಬಹುಪಾಲು ಬೇರೆ. ಪೋರ್ಚುಗೀಸರು ಆಫ್ರಿಕಾದ ಪೂರ್ವ ಕರಾವಳಿಯಿಂದ ಗೋವೆಗೆ ತಂದು ಮಾರಿದ ಗುಲಾಮರಲ್ಲಿ ಹಲವರು ಒಡೆಯರ ಚಾವಟಿಗೆ ಬೇಸತ್ತು ಘಟ್ಟದ ಕಾಡಿಗೆ ಓಡಿದರು. ಇಂದು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲ, ಜೋಯಿಡಾ ಕಡೆ ಅವರ ವಾಡೆಗಳಿವೆ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಮಸೀದಿ, ಇಗರ್ಜಿ, ದೇವಸ್ಥಾನ ಬೇರೆಯಾದರೂ ದಮಾಮಿಯ ಸದ್ದು ಒಂದೇ. ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದ ಅಧ್ಯಯನ ಅವರ ಆಫ್ರಿಕಾ ಮೂಲವನ್ನು ದೃಢಪಡಿಸಿತು. ಜೊತೆಗೇ ಅವರ ರಕ್ತದಲ್ಲಿ ಈ ನೆಲದ ಜನರ ಪಾಲೂ ಇದೆಯೆಂದು ತೋರಿಸಿತು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಆದರೂ ಬಸ್ಸಿನಲ್ಲಿ ಕುಳಿತ ಸಿದ್ದಿ ಹುಡುಗಿಯನ್ನು ಅಪರಿಚಿತರು ಇಂಗ್ಲಿಷಿನಲ್ಲಿ "ನೀವು ಯಾವ ದೇಶದವರು" ಎಂದು ಕೇಳುತ್ತಾರೆ. ಅವಳು ಕನ್ನಡದಲ್ಲಿ ಉತ್ತರಿಸಿದರೆ ಬೆರಗಾಗುತ್ತಾರೆ. ಇನ್ನು ಕೆಲವರು ಕೇಳದೆಯೇ ಕೂದಲಿಗೆ ಕೈ ಹಾಕಿ ನೋಡುತ್ತಾರೆ.

"ನಿಮಗೆಲ್ಲ ಗೊತ್ತಿಲ್ಲದ ಒಂದು ವಿಷಯ ಹೇಳ್ತೇನೆ ಕೇಳಿ" ಎಂದು ಆ ದಿನ ಅವಳು ಪಾಠ ಸುರು ಮಾಡಿದಳು. ಎಲ್ಲರ ಕೂದಲೂ ಕೆರಾಟಿನ್ ಎಂಬ ಒಂದೇ ಪದಾರ್ಥದಿಂದಾದದ್ದು. ಕೂದಲಿನ ಬೇರಿನ ಚೀಲ ನೇರವಾಗಿದ್ದರೆ ಕೂದಲು ನೇರ, ಬಾಗಿದ್ದರೆ ಸುರುಳಿ. ನೆತ್ತಿಯಲ್ಲಿ ಹುಟ್ಟುವ ಎಣ್ಣೆ ನೇರ ಕೂದಲಿನಲ್ಲಿ ತುದಿಯವರೆಗೆ ಜಾರಿ ಹೋಗುತ್ತದೆ. ಸುರುಳಿ ಕೂದಲಿನಲ್ಲಿ ಘಟ್ಟದ ರಸ್ತೆಯ ತಿರುವುಗಳಲ್ಲಿ ಲಾರಿ ಸಿಕ್ಕಿಕೊಂಡ ಹಾಗೆ ಅಲ್ಲಲ್ಲೇ ನಿಲ್ಲುತ್ತದೆ. ಹಾಗಾಗಿ ಅವಳ ಕೂದಲು ಬೇಗ ಒಣಗುತ್ತದೆ, ಬೇಗ ಮುರಿಯುತ್ತದೆ. ಅದನ್ನು ದಿನಾ ತೊಳೆಯಬಾರದು. ಒಣಗಿದ ಮೇಲೆ ಬಾಚಬಾರದು. ಒದ್ದೆ ಇರುವಾಗಲೇ ಎಣ್ಣೆ ಸವರಿ, ಬೆರಳಿನಿಂದ ಅಥವಾ ಅಗಲ ಹಲ್ಲಿನ ಹಣಿಗೆಯಿಂದ ತುದಿಯಿಂದ ಬುಡದ ಕಡೆಗೆ ಬಿಡಿಸಬೇಕು. ಸಣ್ಣ ಸಣ್ಣ ಜಡೆ ಹೆಣೆದರೆ ಕೂದಲಿಗೆ ರಕ್ಷೆ. "ಹಾಸ್ಟೆಲಿನಲ್ಲಿ ನಿಮ್ಮ ಹೇನು ಬಾಚಣಿಗೆಯಿಂದ ನೆತ್ತಿಯಿಂದ ಕೆಳಗೆ ಎಳೆಯುತ್ತಿದ್ದೆ. ನನ್ನ ಕೂದಲೇ ಕೆಟ್ಟದ್ದು ಅಂತ ತಿಳಿದಿದ್ದೆ. ಬಾಚಣಿಗೆ ತಪ್ಪು, ಕೂದಲಲ್ಲ" ಎಂದಳು. ಬಿಗಿ ಸುರುಳಿಯ ಕೂದಲು ಬಿಸಿಲಿನ ಝಳದಿಂದ ತಲೆಯನ್ನು ಹೆಚ್ಚು ಚೆನ್ನಾಗಿ ಕಾಪಾಡುತ್ತದೆಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಸುಡುವ ಸೂರ್ಯನ ಕೆಳಗೆ ನೆಟ್ಟಗೆ ನಡೆಯಲು ಕಲಿತ ಮನುಷ್ಯನಿಗೆ ಪ್ರಕೃತಿ ಕೊಟ್ಟ ಕೊಡೆ ಇದ್ದೀತು. ನಾವು ಅದನ್ನೇ ಕುರೂಪವೆಂದೆವು.

ಪೆನ್ಸಿಲು, ಕಾಯಿದೆ, ಸುಣ್ಣದಂತಹ ಔಷಧ

ಬಾಚಣಿಗೆಯ ತಪ್ಪನ್ನು ಕೂದಲಿನ ಮೇಲೆ ಹೊರಿಸಿದವರು ನಾವು ಮಾತ್ರ ಅಲ್ಲ. ಸ್ಪೇನಿನ ಆಳ್ವಿಕೆಯಲ್ಲಿದ್ದ ಅಮೆರಿಕದ ಲೂಸಿಯಾನದಲ್ಲಿ 1786ರಲ್ಲಿ ಗವರ್ನರನೊಬ್ಬ ಕಪ್ಪು ಹೆಂಗಸರು ಕೂದಲನ್ನು ಅಲಂಕರಿಸಿ ಹೊರಗೆ ತಿರುಗಬಾರದು, ಬಟ್ಟೆಯಿಂದ ಮುಚ್ಚಬೇಕು ಎಂದು ಆಜ್ಞೆ ಮಾಡಿದ. ಅವರ ಅಲಂಕಾರ ಬಿಳಿಯರ ಸಮಕ್ಕೆ ಬಂದದ್ದೇ ಅಪರಾಧ. ಆ ಹೆಂಗಸರು ಬಣ್ಣಬಣ್ಣದ ರುಮಾಲುಗಳನ್ನು ಎಷ್ಟು ಚಂದವಾಗಿ ಸುತ್ತಿದರೆಂದರೆ ಅವಮಾನದ ಗುರುತೇ ಶೃಂಗಾರವಾಯಿತು. ದಕ್ಷಿಣ ಆಫ್ರಿಕಾದಲ್ಲಿ 1950ರ ಜನಸಂಖ್ಯಾ ನೋಂದಣಿ ಕಾಯಿದೆ ಪ್ರತಿಯೊಬ್ಬರನ್ನೂ ಜನಾಂಗದ ಖಾನೆಗೆ ಹಾಕಿತು. ಸಂಶಯ ಬಂದಾಗ ಕೂದಲಿನಲ್ಲಿ ಪೆನ್ಸಿಲು ಸಿಕ್ಕಿಸಿ ನೋಡುತ್ತಿದ್ದರು. ಬಿದ್ದರೆ ಬಿಳಿಯ, ನಿಂತರೆ ಅಲ್ಲ. ಬಿಳಿಯ ದಂಪತಿಗೆ ಹುಟ್ಟಿದ ಸಾಂಡ್ರಾ ಲೇಯಿಂಗ್ ಎಂಬ ಬಾಲೆಯನ್ನು ಮೈಬಣ್ಣ ಮತ್ತು ಗುಂಗುರು ಕೂದಲಿನ ಕಾರಣಕ್ಕೆ 1966ರಲ್ಲಿ ಬಿಳಿಯರ ಶಾಲೆಯಿಂದ ಹೊರಹಾಕಲಾಯಿತು. ತಂದೆ ತಾಯಿಯ ಮನೆಯಲ್ಲೇ ಅವಳು ಬೇರೆ ಜನಾಂಗದವಳಾದಳು.

ಅಮೆರಿಕದ ಮಾಲ್ಕಂ ಎಕ್ಸ್ ತಮ್ಮ ಆತ್ಮಕತೆಯಲ್ಲಿ ಯೌವನದ ಒಂದು ದಿನವನ್ನು ನೆನೆಯುತ್ತಾರೆ. ಬಿಳಿಯರಂತೆ ನೇರ ಕೂದಲು ಬೇಕೆಂದು ಕ್ಷಾರ, ಮೊಟ್ಟೆ, ಆಲೂಗಡ್ಡೆ ಬೆರೆಸಿದ ಲೇಪವನ್ನು ತಲೆಗೆ ಹಚ್ಚಿಸಿಕೊಂಡು, ನೆತ್ತಿ ಬೆಂಕಿಯಂತೆ ಉರಿದರೂ ಸಹಿಸಿಕೊಂಡದ್ದನ್ನು ಅವರು ಆತ್ಮಗೌರವ ಕಳೆದುಕೊಂಡ ದೊಡ್ಡ ಹೆಜ್ಜೆಯೆಂದು ಹೇಳಿಕೊಂಡಿದ್ದಾರೆ. ಅದೇ ಮಾಲ್ಕಂ 1964ರಲ್ಲಿ ಹಜ್ಜಿಗೆ ಹೋದರು. ಹಜ್ಜಿನ ಕೊನೆಗೆ ಗಂಡಸರು ತಲೆ ಬೋಳಿಸಿಕೊಳ್ಳುತ್ತಾರೆ ಅಥವಾ ಕೂದಲು ಕತ್ತರಿಸಿಕೊಳ್ಳುತ್ತಾರೆ, ಹೆಂಗಸರು ತುದಿಯ ಸ್ವಲ್ಪ ಕೂದಲು ತೆಗೆಯುತ್ತಾರೆ. ನೇರವೂ ಗುಂಗುರೂ ಒಂದೇ ನೆಲಕ್ಕೆ ಬೀಳುತ್ತದೆ. ಕಪ್ಪು ಬಿಳಿಯರ ನಡುವೆ ಸಹೋದರತ್ವ ಸಾಧ್ಯವೆಂದು ಅವರಿಗೆ ಮನವರಿಕೆಯಾದದ್ದು ಆ ಯಾತ್ರೆಯಲ್ಲಿ. ಕೂದಲಿನ ಕಾರಣಕ್ಕೆ ಶಾಲೆಯಲ್ಲಿ, ಕೆಲಸದಲ್ಲಿ ಭೇದ ಮಾಡಬಾರದೆಂಬ ಕಾಯಿದೆ ಕ್ಯಾಲಿಫೋರ್ನಿಯಾದಲ್ಲಿ ಬಂದದ್ದು 2019ರಲ್ಲಿ. ನಮ್ಮ ಗೆಳತಿಯ ತಲೆಗೆ ಹಾಸ್ಟೆಲಿನ ಕತ್ತರಿ ಬಿದ್ದು ಆಗ ಇಪ್ಪತ್ತು ವರ್ಷ ದಾಟಿತ್ತು.

ಶಾಂಪೂ ಹೋಯಿತು, ಚೌರಿ ಬಂತು

ಕೂದಲು ದೂರ ಮಾಡಿದಷ್ಟೇ ಜನರನ್ನು ಹತ್ತಿರವೂ ತಂದಿದೆ. 'ಶಾಂಪೂ' ಎಂಬ ಮಾತು ನಮ್ಮದು. ಮೈ ತಲೆ ಒತ್ತಿ ತಿಕ್ಕುವ 'ಚಾಂಪೋ', 'ಚಂಪಿ'ಯಿಂದ ಬಂದದ್ದು. ಅದನ್ನು ಇಂಗ್ಲೆಂಡಿನಲ್ಲಿ ಜನಪ್ರಿಯಗೊಳಿಸಿದವರು 1759ರಲ್ಲಿ ಪಾಟ್ನಾದಲ್ಲಿ ಹುಟ್ಟಿದ ಶೇಖ್ ದೀನ್ ಮುಹಮ್ಮದ್. 1794ರಲ್ಲಿ ತಮ್ಮ ಪ್ರವಾಸಗಳ ಬಗ್ಗೆ ಪುಸ್ತಕ ಬರೆದು, ಇಂಗ್ಲಿಷಿನಲ್ಲಿ ಪುಸ್ತಕ ಪ್ರಕಟಿಸಿದ ಮೊದಲ ಭಾರತೀಯರೆನಿಸಿದರು. ಬ್ರೈಟನ್ನಿನಲ್ಲಿ ಸ್ನಾನಗೃಹ ತೆರೆದು ಹಬೆ, ಎಣ್ಣೆ, ಮಾಲೀಸಿನ ಚಿಕಿತ್ಸೆ ನಡೆಸಿದರು. ರಾಜ ನಾಲ್ಕನೇ ಜಾರ್ಜನ ಮೈಯನ್ನೂ ಈ ಬಿಹಾರಿಯ ಕೈಗಳೇ ತಿಕ್ಕಿದವು. ಅಮೆರಿಕದಲ್ಲಿ ಗುಲಾಮರಾಗಿದ್ದವರ ಮಗಳು ಸಾರಾ ಬ್ರೀಡ್‌ಲವ್, ಕಪ್ಪು ಹೆಂಗಸರ ಕೂದಲಿಗೆಂದೇ ಎಣ್ಣೆ, ಲೇಪ ತಯಾರಿಸಿ ಮೇಡಂ ಸಿ. ಜೆ. ವಾಕರ್ ಎಂಬ ಹೆಸರಿನಲ್ಲಿ ಸಾವಿರಾರು ಹೆಂಗಸರಿಗೆ ದುಡಿಮೆ ಕೊಟ್ಟಳು. 1919ರಲ್ಲಿ ತೀರಿಕೊಂಡಾಗ ಅವಳು ದೇಶದ ಅತಿ ಸಿರಿವಂತ ಕಪ್ಪು ಹೆಂಗಸರಲ್ಲಿ ಒಬ್ಬಳು.

ಇತ್ತ ನಮ್ಮ ಹಳ್ಳಿಗಳಲ್ಲಿ ಬಾಚುವಾಗ ಉದುರಿದ ಕೂದಲನ್ನು ಕೂಡಿಟ್ಟು ಪಾತ್ರೆ ಮಾರುವವರಿಗೆ ಕೊಡುವ ಹೆಂಗಸರಿದ್ದಾರೆ. ಆ ಸಿಕ್ಕುಗೂದಲು ಕೊಪ್ಪಳದ ಭಾಗ್ಯನಗರದಂತಹ ಊರುಗಳಿಗೆ ಹೋಗಿ, ಹೆಂಗಸರ ಕೈಯಲ್ಲೇ ಬಿಡಿಸಿ, ತೊಳೆದು, ಉದ್ದಕ್ಕೆ ತಕ್ಕಂತೆ ವಿಂಗಡಿಸಲ್ಪಟ್ಟು ಹೊರದೇಶಗಳಿಗೆ ಸಾಗುತ್ತದೆ. ಅಲ್ಲಿ ಅದು ಚೌರಿಯಾಗಿ, ವಿಗ್ಗಾಗಿ ಆಫ್ರಿಕಾ ಮೂಲದ ಹೆಂಗಸರ ತಲೆಯನ್ನೂ ಏರುತ್ತದೆ. ಯಾರ ಬಾಚಣಿಗೆಯಲ್ಲಿ ಉಳಿದ ಕೂದಲು ಯಾರ ನೆತ್ತಿಗೆ! ಅಷ್ಟು ದೂರ ಹೋಗುವ ಕೂದಲಿಗೆ ಜಾತಿಯ ಚೀಟಿ ಅಂಟಿಸಿ ಯಾರೂ ಕಳಿಸುವುದಿಲ್ಲ. ಪೇಟೆಯಲ್ಲಿ ಕೂದಲಿಗೆ ಉದ್ದ ಮತ್ತು ತೂಕ ಮಾತ್ರ.

ತುತ್ತಿನಲ್ಲಿ ಬಂದ ಕೂದಲು

ಇಷ್ಟು ಹೊತ್ತು ಕೊರಗ ಗೆಳತಿ ಮಾತಾಡಿರಲಿಲ್ಲ. ನಾವು ಅಮೆರಿಕ, ಆಫ್ರಿಕಾ ಎಂದು ಲೋಕ ಸುತ್ತುತ್ತಿದ್ದಾಗ ಅವಳು ತನ್ನ ಜಡೆಯನ್ನು ಬಿಚ್ಚಿ, ಕಟ್ಟಿ, ಮತ್ತೆ ಬಿಚ್ಚುತ್ತಿದ್ದಳು. ಕೊನೆಗೆ ಹೇಳಿದಳು: "ನೀವು ನಿಮ್ಮ ಕೂದಲಿನ ಕತೆ ಹೇಳಿದಿರಿ. ನನ್ನ ಅಜ್ಜಿಯ ಹೊಟ್ಟೆಯಲ್ಲಿ ಬೇರೆಯವರ ಕೂದಲಿತ್ತು."

ಓದುಗರಲ್ಲಿ ಕರಾವಳಿಯ ಹೊರಗಿನವರಿಗೆ ಇದನ್ನು ವಿವರಿಸಬೇಕು. ತುಳುನಾಡಿನಲ್ಲಿ ಅಜಲು ಎಂಬ ಪದ್ಧತಿ ಇತ್ತು. ಮನೆಯಲ್ಲಿ ಕಾಯಿಲೆ ಬಿದ್ದರೆ, ಗರ್ಭಿಣಿಗೋ ಮಗುವಿಗೋ ಕೆಡುಕು ತಟ್ಟಿತೆಂದು ತೋರಿದರೆ, ಅವರ ಕೂದಲು, ಉಗುರುಗಳನ್ನು ಅನ್ನದಲ್ಲಿ ಬೆರೆಸಿ ಕೊರಗರಿಗೆ ತಿನ್ನಿಸುತ್ತಿದ್ದರು. ಕೆಡುಕು ತುತ್ತಿನ ಜೊತೆ ಕೊರಗರ ದೇಹಕ್ಕೆ ಹೋಗುತ್ತದೆಂಬ ನಂಬಿಕೆ. ಬೇರೊಬ್ಬರ ರೋಗವನ್ನು ನುಂಗುವುದು ಒಂದು ಸಮುದಾಯದ 'ಕರ್ತವ್ಯ'ವಾಗಿತ್ತು. ಸತ್ತವರ ಮನೆಯಲ್ಲಿ, ಉತ್ಸವಗಳಲ್ಲಿ ಡೋಲು ಬಡಿಯಬೇಕಾದದ್ದು, ಕಂಬಳದ ಕರೆಯಲ್ಲಿ ಕೋಣಗಳಿಗಿಂತ ಮೊದಲು ಓಡಬೇಕಾದದ್ದು ಇದರ ಜೊತೆಗಿನ ಸೇವೆಗಳು. ಕರ್ನಾಟಕ ಕೊರಗರ (ಅಜಲು ಪದ್ಧತಿ ನಿಷೇಧ) ಅಧಿನಿಯಮ 2000ದಲ್ಲಿ ಬಂತು. ಕೂದಲು, ಉಗುರು ಮುಂತಾದ ತಿನ್ನಬಾರದ ವಸ್ತುಗಳನ್ನು ಬೆರೆಸಿದ ಆಹಾರವನ್ನು ಕೊರಗರಿಗೆ ತಿನ್ನಲು ಹೇಳುವುದು ಅಪರಾಧವೆಂದು ಆ ಕಾಯಿದೆ ಬಿಡಿಸಿ ಹೇಳಿತು. ಗಮನಿಸಿ, ಇಂತಹ ವಾಕ್ಯವೊಂದನ್ನು ಕಾನೂನಿನಲ್ಲಿ ಬರೆಯಬೇಕಾದ ಅಗತ್ಯ ಬಂದದ್ದು ಸ್ವಾತಂತ್ರ್ಯ ಬಂದು ಐವತ್ತಮೂರು ವರ್ಷಗಳ ಮೇಲೆ. ಅದೇ 2000ದಲ್ಲಿ ವೇಣೂರಿನಲ್ಲಿ ಮಹಾಮಸ್ತಕಾಭಿಷೇಕವೂ ನಡೆದಿತ್ತು.

ಗುಲಾಮರನ್ನು ಪೋರ್ಚುಗೀಸರು ಹಡಗಿನಲ್ಲಿ ತಂದರೆಂದು ಹೇಳಿ ನಾವು ಕೈ ತೊಳೆದುಕೊಳ್ಳುವಂತಿಲ್ಲ. 1801ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಹೊಲಗಳಲ್ಲಿ ದುಡಿಯುತ್ತಿದ್ದ ಗುಲಾಮ ಜಾತಿಗಳ ಬಗ್ಗೆ ಬರೆದಿದ್ದಾನೆ. ಗುಲಾಮಿಯನ್ನು ಕಾನೂನು ಮಾನ್ಯ ಮಾಡುವುದಿಲ್ಲವೆಂದು ಬ್ರಿಟಿಷ್ ಭಾರತದಲ್ಲಿ ಕಾಯಿದೆಯಾದದ್ದು 1843ರಲ್ಲಿ. ಆಫ್ರಿಕಾದಿಂದ ಬಂದವಳ ಕೂದಲು ಬೇರೆಯಾಗಿದ್ದರಿಂದ ಅವಳನ್ನು ಬೇರೆ ಕೂರಿಸಿದೆವು ಎನ್ನೋಣ. ಕೊರಗ ಗೆಳತಿಯ ಕೂದಲು ನಮ್ಮದರ ಹಾಗೆಯೇ ಇತ್ತು. ಹಾಗಾದರೆ ಅವಳು ಏಕೆ ಬಾವಿಕಟ್ಟೆಯ ಆಚೆ? ಇಪ್ಪತ್ತೈದು ವರ್ಷದ ನಂತರ ನಾವು ಅದನ್ನು ಕೇಳಿದೆವು. ಅವಳು ಹೇಳಿದಳು: "ಮೊದಲ ವಾರ ನಾನು ಒಬ್ಬಳ ಬಾಚಣಿಗೆ ತೆಗೊಂಡೆ. ಅವಳು ಅದನ್ನು ಕಸದ ಬುಟ್ಟಿಗೆ ಹಾಕಿದಳು. ಅದು ಯಾರದ್ದಂತ ಈಗ ಕೇಳಬೇಡಿ."

ಯಾರೂ ಕೇಳಲಿಲ್ಲ. ನಮ್ಮ ಎದೆ ಮಾತ್ರ ಹೊಡೆದುಕೊಂಡಿತು. ಅಂದು ಹಾಸ್ಟೆಲಿನಲ್ಲಿ ಹಳೆಯ ಬಾಚಣಿಗೆ ಎಸೆದು ಹೊಸದು ಕೊಂಡ ನೆನಪು ನಮಗೂ ಇತ್ತು.

ನಮ್ಮ ಅಂಗಳದ ಕ್ಷೌರಿಕ

ನಮ್ಮ ಸಮುದಾಯದಲ್ಲಿ ಇಂತಹದ್ದಿಲ್ಲ ಎಂದು ಹೇಳುವುದು ಸುಲಭ. ನಮ್ಮಲ್ಲಿ ಮಗು ಹುಟ್ಟಿದ ಏಳನೆಯ ದಿನ ಅಕೀಕಾದಲ್ಲಿ ತಲೆಗೂದಲು ತೆಗೆದು, ಅದರ ತೂಕದಷ್ಟು ಬೆಳ್ಳಿಯ ಬೆಲೆಯನ್ನು ಬಡವರಿಗೆ ಕೊಡುತ್ತಾರೆ. ಹುಟ್ಟುಗೂದಲು ದಾನವಾಗುವ ಎಷ್ಟು ಚಂದದ ಪದ್ಧತಿ! ಕೂದಲಿರುವವರು ಅದನ್ನು ಗೌರವದಿಂದ ನೋಡಿಕೊಳ್ಳಬೇಕೆಂದು ಪ್ರವಾದಿಯವರು ಹೇಳಿದ ವರದಿಯಿದೆ. ಒಣದ್ರಾಕ್ಷಿಯಂತಹ ತಲೆಯ ಹಬಶಿಯೇ ನಿಮ್ಮ ನಾಯಕನಾದರೂ ಅವನ ಮಾತು ಕೇಳಿ ಎಂಬ ಆದೇಶವೂ ಇದೆ. ಬಿಗಿ ಗುಂಗುರು ಕೂದಲಿನ ತಲೆಯೆಂದೇ ಅದನ್ನು ವಿದ್ವಾಂಸರು ವಿವರಿಸುತ್ತಾರೆ. ಅಝಾನಿನ ಮೊದಲ ಕರೆ ಕೊಟ್ಟ ಬಿಲಾಲರು ಹಬಶಿ. ಇದನ್ನೆಲ್ಲ ನಾವು ವೇದಿಕೆಯಲ್ಲಿ ಹೆಮ್ಮೆಯಿಂದ ಹೇಳುತ್ತೇವೆ.

ಆದರೆ ಆ ಮಗುವಿನ ತಲೆಗೂದಲು ತೆಗೆಯಲು ಬರುವ ಮನುಷ್ಯನ ಜೊತೆ ನಮ್ಮ ನಡವಳಿಕೆ ಹೇಗಿತ್ತು? ಮಲಬಾರಿನಲ್ಲಿ ಒಸ್ಸಾನ್ ಎಂದು ಕರೆಯುವ ಮುಸ್ಲಿಂ ಕ್ಷೌರಿಕರ ಮನೆಗಳೊಂದಿಗೆ ಮದುವೆಯ ಸಂಬಂಧ ಬೆಳೆಸಲು ಉಳಿದ ಮುಸ್ಲಿಮರು ಒಪ್ಪುತ್ತಿರಲಿಲ್ಲ. ಕರಾವಳಿಯ ನಮ್ಮ ಕಡೆಯೂ ಕತ್ತಿ ಹಿಡಿದವರ ಮನೆಯ ಹೆಣ್ಣು ಗಂಡು ಎಂದರೆ ಮುಖ ಸಿಂಡರಿಸುವವರನ್ನು ನಾವು ಕಂಡಿದ್ದೇವೆ. ಮಸೀದಿಯ ಸಾಲಿನಲ್ಲಿ ಹೆಗಲಿಗೆ ಹೆಗಲು, ನಿಕಾಹಿನ ಮಾತಿನಲ್ಲಿ ಬೇರೆ ಬೇರೆ. ಹಾಗೆಯೇ ದಲಿತರ ತಲೆಗೆ ಕತ್ತರಿ ಹಿಡಿಯದ ಕ್ಷೌರದಂಗಡಿಗಳ ಸುದ್ದಿ ಕರ್ನಾಟಕದ ಹಳ್ಳಿಗಳಿಂದ ಈಗಲೂ ಬರುತ್ತದೆ. 1955ರ ಕಾಯಿದೆಯ ಪ್ರಕಾರವೇ ಅದು ಅಪರಾಧ. ಅಂಗಡಿಯವನನ್ನು ಒಬ್ಬನನ್ನೇ ದೂರಿ ಪ್ರಯೋಜನವಿಲ್ಲ. "ಅವರಿಗೆ ಮಾಡಿದರೆ ನಾವು ಬರುವುದಿಲ್ಲ" ಎನ್ನುವ ಗಿರಾಕಿಗಳು ಅವನ ಬೆನ್ನ ಹಿಂದಿದ್ದಾರೆ.

ಕ್ಷೌರಿಕರೇ ಅನ್ಯಾಯಕ್ಕೆ ಕತ್ತಿ ಕೊಡುವುದಿಲ್ಲವೆಂದ ಚರಿತ್ರೆಯೂ ನಮಗಿದೆ. ಗಂಡ ಸತ್ತ ಎಳೆಯ ಹೆಣ್ಣುಮಕ್ಕಳ ತಲೆ ಬೋಳಿಸುವ ಕ್ರೂರ ಪದ್ಧತಿ ಎಷ್ಟು ಕಾಲ ನಡೆಯಿತೆಂಬುದನ್ನು ಎಂ. ಕೆ. ಇಂದಿರಾ ಅವರ 'ಫಣಿಯಮ್ಮ' ಕಾದಂಬರಿ ಓದಿದವರು ಬಲ್ಲರು. 1890ರಲ್ಲಿ ಮುಂಬಯಿಯಲ್ಲಿ ಫುಲೆಯವರ ಅನುಯಾಯಿ ನಾರಾಯಣ ಮೇಘಾಜಿ ಲೋಖಂಡೆಯವರ ಮುಂದಾಳತ್ವದಲ್ಲಿ ಸೇರಿದ ಕ್ಷೌರಿಕರು ವಿಧವೆಯರ ತಲೆಯನ್ನು ಇನ್ನು ಬೋಳಿಸುವುದಿಲ್ಲವೆಂದು ನಿಶ್ಚಯಿಸಿದರು. ಪಂಡಿತರು ಶಾಸ್ತ್ರ ಹುಡುಕುತ್ತಿದ್ದಾಗ ಕತ್ತಿ ಹಿಡಿದವರು ಕತ್ತಿ ಕೆಳಗಿಟ್ಟರು.

ವೇಣೂರಿನಲ್ಲಿ ಅಂದು ಸಂಜೆ ಅಟ್ಟಣಿಗೆಯ ಮೇಲಿಂದ ಬಾಹುಬಲಿಯ ತಲೆಗೆ ನೀರು, ಹಾಲು, ಅರಸಿನ, ಗಂಧಗಳನ್ನು ಒಂದರ ಮೇಲೊಂದು ಸುರಿದರು. ಕಲ್ಲಿನ ಸುರುಳಿಗಳ ನಡುವೆ ಬಣ್ಣ ಇಳಿಯುವುದನ್ನು ನಾಲ್ವರೂ ಒಟ್ಟಿಗೆ ನಿಂತು ನೋಡಿದೆವು. ಮರುದಿನ ಹೊರಡುವ ಮೊದಲು ಸಿದ್ದಿ ಗೆಳತಿಯ ಕೂದಲಿಗೆ ಸಣ್ಣ ಜಡೆಗಳನ್ನು ಹೆಣೆಯಲು ಕಲಿತೆವು. ಎರಡು ಗಂಟೆ ಹಿಡಿಯಿತು, ಜಡೆ ಸೊಟ್ಟಗಾಯಿತು, ಅವಳು ಬೈದಳು. ಕೊರಗ ಗೆಳತಿ ನಮ್ಮ ಹಿಂದೆ ಕುಳಿತು, ನಮ್ಮ ಕೈಯಿಂದಲೇ ಬಾಚಣಿಗೆ ತೆಗೆದುಕೊಂಡು, ನಮ್ಮ ನರೆತ ಕೂದಲನ್ನು ಬಾಚಿದಳು. ಇದರಿಂದ ಚರಿತ್ರೆ ತೊಳೆದು ಹೋಯಿತೆಂದು ನಾವು ಹೇಳುವುದಿಲ್ಲ. ಅವಳೂ ಹಾಗೆ ಹೇಳಲಿಲ್ಲ.

ಈ ನಾಲ್ವರಲ್ಲಿ ಮೂವರು ಇಂದಿಗೂ ಶಾಲೆಗಳಲ್ಲಿ ಪಾಠ ಮಾಡುತ್ತಿದ್ದೇವೆ. ಪ್ರತಿ ಜೂನಿನಲ್ಲಿ ಹೊಸ ಮಕ್ಕಳು ಬರುತ್ತಾರೆ. ಗುಂಗುರು ಕೂದಲಿನವರು, ಎಣ್ಣೆ ಕಾಣದ ಕೂದಲಿನವರು, ತಲೆವಸ್ತ್ರ ಹಾಕಿದವರು, ಜುಟ್ಟು ಕಟ್ಟಿದವರು. ಯಾವ ಮಗುವಿನ ಹಿಂದೆ ಕೂರಲು ಯಾರೂ ಇಲ್ಲ, ಯಾವ ಮಗು ಬಾವಿಕಟ್ಟೆಯ ಆಚೆ ಕುಳಿತಿದೆ ಎಂದು ನೋಡುವುದು ಪಠ್ಯಪುಸ್ತಕದಲ್ಲಿಲ್ಲದ ಕೆಲಸ. ಮೊದಲ ದಿನವೇ ಅದನ್ನು ಮಾಡಿದರೆ, ಆ ಮಗು ಉತ್ತರಕ್ಕಾಗಿ ಇಪ್ಪತ್ತೈದು ವರ್ಷ ಕಾಯಬೇಕಾಗುವುದಿಲ್ಲ.